ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನ ಮಾದರಿ ರೈಲು ಪ್ರದರ್ಶನಕ್ಕೆ ಮೊದಲ ಸಲ ಹೊರಟಿದ್ದೇವೆ: ಎಂಟು ವರ್ಷದ ಮಗ, ಎಪ್ಪತ್ತೆರಡರ ಅಪ್ಪ, ನಡುವೆ ನಾನು

ಅರಸೀಕೆರೆ ಜಂಕ್ಷನ್:

ಎಲ್ಲರಿಗೂ ನಮಸ್ಕಾರ. ಜನವರಿಯ ಕೊನೆಯ ವಾರಾಂತ್ಯದಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆ್ಯಮ್‌ಹರ್ಸ್ಟ್ ರೈಲ್ವೆ ಸೊಸೈಟಿಯವರು ನಡೆಸುವ ಮಾದರಿ ರೈಲು ಪ್ರದರ್ಶನದ ಹೆಸರನ್ನು ಈ ಕಡೆ ಬಂದಾಗಿನಿಂದ ಕೇಳುತ್ತಿದ್ದೇನೆ. ಪ್ರತಿ ವರ್ಷವೂ ಹಿಮ, ಕೆಲಸ, ಇಲ್ಲವೇ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮ, ಹೀಗೆ ಏನಾದರೊಂದು ಅಡ್ಡ ಬರುತ್ತಿತ್ತು. ಈ ಸಲ ಹೋಗಿಯೇ ತೀರುವುದೆಂದು ನಿರ್ಧರಿಸಿದ್ದೇವೆ. ನಾವಿರುವುದು ಷ್ರೂಸ್‌ಬರಿಯಲ್ಲಿ, ಕಾರಿನಲ್ಲಿ ಸುಮಾರು ಐವತ್ತು ಮೈಲಿ.

ಮಗನಿಗೆ ಎಂಟು ವರ್ಷ. ದೀಪಾವಳಿಗೆ ಕೊಡಿಸಿದ ಎಚ್‌ಒ ಎಂಬ ಅಳತೆಯ ರೈಲು ಸೆಟ್ಟೊಂದು ಅವನ ಬಳಿ ಇದೆ. ಊಟದ ಮೇಜಿನ ಮೇಲೆ ಮೊಟ್ಟೆಯಾಕಾರದ ಹಳಿ, ಅದರ ಮೇಲೆ ಸುತ್ತುವ ಒಂದು ಎಂಜಿನ್, ನಾಲ್ಕು ಡಬ್ಬಿ. ಅಪ್ಪ ಆರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಅವರು ಬೆಂಗಳೂರಿನ ಕೃಷ್ಣರಾಜಪುರ ಡೀಸೆಲ್ ಷೆಡ್ಡಿನಲ್ಲಿ ಫಿಟರ್ ಆಗಿದ್ದು ಅಲ್ಲಿಂದಲೇ ನಿವೃತ್ತರಾದವರು. ಮೊಮ್ಮಗನ ರೈಲನ್ನು ಮೊದಲ ದಿನ ಐದು ನಿಮಿಷ ನೋಡಿ, "ಚೆನ್ನಾಗಿದೆ, ಆದರೆ ಇದಕ್ಕೆ ಉಸಿರೇ ಇಲ್ಲವಲ್ಲ" ಎಂದು ಹೇಳಿ ಪತ್ರಿಕೆ ಓದಲು ಕುಳಿತರು. ಅವರಿಗೆ ಮಂಡಿ ನೋವಿದೆ, ಇಲ್ಲಿನ ಚಳಿ ಹೊಸತು.

ಒಂದು ದಿನ ಸಾಕೇ, ಎರಡೂ ದಿನ ಹೋಗಬೇಕೇ? ಮೊದಲು ಎಲ್ಲಿಗೆ ಹೋಗಬೇಕು? ಏನನ್ನು ಕೊಳ್ಳಬಹುದು, ಏನನ್ನು ಕೊಳ್ಳಬಾರದು? ಎಲ್ಲಕ್ಕಿಂತ ಮುಖ್ಯವಾಗಿ, ಜೀವಮಾನವೆಲ್ಲ ನಿಜವಾದ ಎಂಜಿನ್ನಿನೊಳಗೆ ಕೈಯಿಟ್ಟು ದುಡಿದವರಿಗೆ ಆಟಿಕೆಯಂತೆ ಕಾಣುವ ಈ ವಸ್ತುಗಳು ಬೇಸರ ತರಿಸುತ್ತವೆಯೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಪಾಯಿಂಟ್ಸ್‌ಮನ್:

ಜಂಕ್ಷನ್ ಅವರೇ, ನಾನು ಹಾರ್ಟ್‌ಫರ್ಡ್ ಕಡೆಯಿಂದ ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಹೋದ ಮೊದಲ ವರ್ಷ ಮಾಡಿದ ತಪ್ಪುಗಳ ಆಧಾರದ ಮೇಲೆ ಹೇಳುತ್ತೇನೆ.

ಮೊದಲಿಗೆ ಆ ಜಾಗದ ಅಳತೆ ಮನಸ್ಸಿಗೆ ಬರಬೇಕು. ಸೆಪ್ಟೆಂಬರಿನಲ್ಲಿ 'ಬಿಗ್ ಇ' ಜಾತ್ರೆ ನಡೆಯುವ ಈಸ್ಟರ್ನ್ ಸ್ಟೇಟ್ಸ್ ಎಕ್ಸ್‌ಪೊಸಿಷನ್ ಮೈದಾನವೇ ಇದು. ಪ್ರದರ್ಶನ ಒಂದೇ ಸೂರಿನಡಿ ಇರುವುದಿಲ್ಲ. ಬೆಟರ್ ಲಿವಿಂಗ್ ಸೆಂಟರ್, ಮ್ಯಾಲರಿ, ಯಂಗ್, ಸ್ಟ್ರೋ ಎಂಬ ನಾಲ್ಕು ಕಟ್ಟಡಗಳಲ್ಲಿ ಹರಡಿಕೊಂಡಿರುತ್ತದೆ. ಎರಡು ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ ಬಯಲಿನ ಚಳಿಗೆ ಬೀಳಲೇಬೇಕು. ಒಳಗಾದರೋ ಜನದಟ್ಟಣೆಯಿಂದ ಬೆಚ್ಚಗಿರುತ್ತದೆ. ದಪ್ಪ ಕೋಟು ತೊಟ್ಟವನು ಕಾಲು ಗಂಟೆಯಲ್ಲಿ ಬೆವರುತ್ತಾನೆ, ಬಿಚ್ಚಿದರೆ ಅದನ್ನು ಹೊತ್ತು ತಿರುಗಬೇಕು. ಆದ್ದರಿಂದ ತಂದೆಯವರಿಗೆ ಒಂದು ದಪ್ಪ ಕೋಟಿಗಿಂತ ಎರಡು ಸ್ವೆಟರ್, ಮೇಲೊಂದು ತೆಳುವಾದ ಗಾಳಿತಡೆ, ಕಿವಿ ಮುಚ್ಚುವ ಟೋಪಿ ಒಳ್ಳೆಯದು. ನೆಲವೆಲ್ಲ ಕಾಂಕ್ರೀಟು. ಮಂಡಿ ನೋವಿದ್ದವರಿಗೆ ಚಳಿಗಿಂತ ಅದೇ ದೊಡ್ಡ ಶತ್ರು. ಮೆತ್ತನೆಯ ಅಟ್ಟೆಯ ಬೂಟು, ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಒಂದು ಸಣ್ಣ ಸ್ಟೂಲು, ಇವೆರಡನ್ನು ಮರೆಯಬೇಡಿ.

ಶನಿವಾರ ಬೆಳಗ್ಗೆ 9ರಿಂದ ಸಂಜೆ 5ರವರೆಗೆ, ಭಾನುವಾರ 10ರಿಂದ 5ರವರೆಗೆ ತೆರೆದಿರುತ್ತದೆ. ಶನಿವಾರ ಬೆಳಗ್ಗೆ ಎಂಟೂವರೆಗೇ ಬಾಗಿಲ ಮುಂದೆ ನಿಲ್ಲುವವನು ನಾನು, ಏಕೆಂದರೆ ಹಳೆಯ ಸಾಮಾನಿನ ಮೇಜುಗಳಲ್ಲಿ ಒಳ್ಳೆಯ ಮಾಲು ಮೊದಲ ಎರಡು ಗಂಟೆಯಲ್ಲೇ ಖಾಲಿಯಾಗುತ್ತದೆ. ಟಿಕೆಟ್ಟನ್ನು ಮೊದಲೇ ಅಂತರಜಾಲದಲ್ಲಿ ತೆಗೆದುಕೊಂಡರೆ ಒಂದು ಸಾಲು ತಪ್ಪುತ್ತದೆ. ಮ್ಯಾಸ್ ಪೈಕ್ ಹೆದ್ದಾರಿಯ 45ನೆಯ ಎಕ್ಸಿಟ್ಟಿನಲ್ಲಿ ಇಳಿದು ರೂಟ್ 5ರಲ್ಲಿ ದಕ್ಷಿಣಕ್ಕೆ ಬಂದರೆ ಮೆಮೋರಿಯಲ್ ಅವೆನ್ಯೂ ಸಿಗುತ್ತದೆ. ಕೊನೆಯ ಒಂದು ಮೈಲಿಗೆ ಕೆಲವೊಮ್ಮೆ ಉಳಿದ ಐವತ್ತು ಮೈಲಿಯಷ್ಟೇ ತಾಳ್ಮೆ ಬೇಕಾಗುತ್ತದೆ.

ಒಳಗೆ ಹೋದ ಮೇಲೆ ಮೊದಲ ಒಂದು ಗಂಟೆ ಏನನ್ನೂ ಕೊಳ್ಳಬೇಡಿ. ಪ್ರವೇಶದ್ವಾರದಲ್ಲಿ ಕೊಡುವ ನಕ್ಷೆಯನ್ನು ಕೈಯಲ್ಲಿ ಹಿಡಿದು ನಡೆಯಿರಿ. ಕಣ್ಣಿಗೆ ಬಿದ್ದ ವಸ್ತುವಿನ ಮೇಜಿನ ಸಂಖ್ಯೆ, ಬೆಲೆ ಎರಡನ್ನೂ ಅದರ ಮೇಲೆಯೇ ಬರೆದುಕೊಳ್ಳಿ. ಅದೇ ಡಬ್ಬಿ ಮೂರು ಕಡೆ ಮೂರು ಬೆಲೆಗೆ ಸಿಗುವುದನ್ನು ನೀವೇ ನೋಡುವಿರಿ.

ಗುಬ್ಬಿ ಗೇಟ್:

ಪಾಯಿಂಟ್ಸ್‌ಮನ್ ಅವರ ಮಾತು ಕೊಳ್ಳುವವರಿಗೆ ಸರಿ. ವಯಸ್ಸಾದವರನ್ನೂ ಮಗುವನ್ನೂ ಕರೆದೊಯ್ಯುವವರಿಗೆ ನಾನು ಭಾನುವಾರವನ್ನೇ ಹೇಳುತ್ತೇನೆ. ಶನಿವಾರ ಹನ್ನೊಂದು ಗಂಟೆಯ ಹೊತ್ತಿಗೆ ದೊಡ್ಡ ಕಟ್ಟಡದ ಓಣಿಗಳಲ್ಲಿ ಭುಜಕ್ಕೆ ಭುಜ ತಾಗುತ್ತಿರುತ್ತದೆ, ಎಂಟು ವರ್ಷದ ಮಗುವಿಗೆ ಕಾಣಿಸುವುದು ಎದುರಿನವರ ಬೆನ್ನಚೀಲ ಮಾತ್ರ. ಭಾನುವಾರ ಮಧ್ಯಾಹ್ನದ ಮೇಲೆ ರೈಲು ಓಡಿಸುವವರೂ ನಿರಾಳವಾಗಿ ಮಾತಿಗೆ ಸಿಗುತ್ತಾರೆ. ಆದರೆ ನಾಲ್ಕು ಗಂಟೆಯ ಮೇಲೆ ಗಂಟುಮೂಟೆ ಕಟ್ಟುವ ಗಡಿಬಿಡಿ ಶುರುವಾಗುವುದರಿಂದ ತೀರಾ ತಡಮಾಡಬಾರದು.

ಇನ್ನೊಂದು ಮಾತು. ಜನವರಿಯ ಕೊನೆಯ ವಾರಾಂತ್ಯವೆಂದರೆ ಈ ಸೀಮೆಯಲ್ಲಿ ಹಿಮದ ಜೂಜು. 2022ರ ಜನವರಿ 29, ಶನಿವಾರ, ಬಾಸ್ಟನ್ನಿನಲ್ಲಿ ಒಂದೇ ದಿನ 23.6 ಇಂಚು ಹಿಮ ಬಿದ್ದದ್ದು ನೆನಪಿರಬಹುದು. ಯಾವ ದಿನ ಹೋಗುವುದೆಂದು ಗುರುವಾರದ ಹವಾಮಾನ ನೋಡಿ ನಿರ್ಧರಿಸಿ, ಇನ್ನೊಂದು ದಿನವನ್ನು ಖಾಲಿ ಇಟ್ಟುಕೊಳ್ಳಿ.

ಲೋಂಡಾ ಪ್ಯಾಸೆಂಜರ್:

ಕೊಳ್ಳುವ ವಿಷಯದಲ್ಲಿ ನನ್ನ ಕಥೆ ಕೇಳಿ, ಅದೇ ತಪ್ಪನ್ನು ನೀವು ಮಾಡಬೇಡಿ. ಮೊದಲ ಪ್ರದರ್ಶನದಲ್ಲಿ ಒಬ್ಬ ವ್ಯಾಪಾರಿಯ ಮೇಜಿನ ಮೇಲೆ ಚಂದದ ಉಗಿ ಎಂಜಿನ್ ಇತ್ತು, ಬೆಲೆಯೂ ಕಡಿಮೆ. ಪೆಟ್ಟಿಗೆಯ ಮೇಲೆ 'ಒ' ಎಂದು ಬರೆದಿತ್ತು. ನಮ್ಮದು ಎಚ್‌ಒ ತಾನೇ, ಒ ಎಂದರೆ ಅದರದೇ ಸಂಕ್ಷಿಪ್ತ ರೂಪವಿರಬೇಕು ಎಂದುಕೊಂಡೆ. ಮನೆಗೆ ತಂದು ಪೆಟ್ಟಿಗೆ ತೆರೆದರೆ ಅದು ಹಳಿಯ ಮೇಲೆ ಕೂರುವುದಿರಲಿ, ಹಳಿಯನ್ನೇ ಪೂರ್ತಿ ಮರೆಮಾಡಿಬಿಟ್ಟಿತು. ಅಷ್ಟೇ ಅಲ್ಲ, ಅದು ನಡುವೆ ಮೂರನೆಯ ಹಳಿಯಿಂದ ಎಸಿ ವಿದ್ಯುತ್ ತೆಗೆದುಕೊಳ್ಳುವ ಜಾತಿಯದು. ನನ್ನದು ಎರಡು ಹಳಿಯ ಡಿಸಿ. ಮಾರಿದವನದೇನೂ ತಪ್ಪಿಲ್ಲ, ನಾನು ಕೇಳಲೇ ಇಲ್ಲ. ಆ ಎಂಜಿನ್ ಈಗ ನಮ್ಮ ಗೊಂಬೆ ಹಬ್ಬದಲ್ಲಿ ಮೂರನೆಯ ಮೆಟ್ಟಿಲ ಮೇಲೆ ನಿಲ್ಲುತ್ತದೆ.

ಆದ್ದರಿಂದ ಮಗನಿಗೂ ನಿಮಗೂ ಈ ಅಂಕಿಗಳು ಬಾಯಿಪಾಠವಾಗಿರಲಿ. ಎಚ್‌ಒ ಎಂದರೆ ನಿಜದ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಎನ್ ಎಂದರೆ 160ರಲ್ಲಿ ಒಂದು ಪಾಲು, ಅಂತರ 9 ಮಿಲಿಮೀಟರ್. ಅಮೆರಿಕದ ಒ ಎಂದರೆ 48ರಲ್ಲಿ ಒಂದು. ಬ್ರಿಟನ್ನಿನಿಂದ ಬಂದ ಒಒ ಮಾದರಿಗಳೂ ಕೆಲವು ಮೇಜುಗಳ ಮೇಲೆ ಕಾಣುತ್ತವೆ. ಅವು ನಿಮ್ಮ 16.5ರ ಹಳಿಯ ಮೇಲೆಯೇ ಓಡುತ್ತವೆ, ಆದರೆ ಅಳತೆ 76ರಲ್ಲಿ ಒಂದಾದ್ದರಿಂದ ಎಚ್‌ಒ ಡಬ್ಬಿಗಳ ಪಕ್ಕದಲ್ಲಿ ಮದುವೆಮನೆಗೆ ಬಂದ ಪೈಲ್ವಾನನಂತೆ ಕಾಣುತ್ತವೆ.

ಹಳೆಯ ಎಂಜಿನ್ ಕೊಳ್ಳುವುದಾದರೆ ತಿರುಗಿಸಿ ಹೊಟ್ಟೆ ನೋಡಿ. ಗಾಲಿಗಳ ಮೇಲೆ ಕಪ್ಪು ಜಿಡ್ಡು ಇದ್ದರೆ ಚಿಂತೆಯಿಲ್ಲ, ಒರೆಸಿದರೆ ಹೋಗುತ್ತದೆ. ಆದರೆ ಓಡಿಸಿ ತೋರಿಸಲು ಕೇಳಿದಾಗ ಪ್ರತಿ ಸುತ್ತಿಗೂ ಒಮ್ಮೆ 'ಟಕ್' ಎಂದು ಎಗರಿದರೆ ಆಕ್ಸಲಿನ ಪ್ಲಾಸ್ಟಿಕ್ ಗೇರು ಸೀಳಿದೆ ಎಂದೇ ಅರ್ಥ. ಓಡಿಸಿ ತೋರಿಸಲು ಒಪ್ಪದವರಿಂದ ನಾನು ಏನನ್ನೂ ಕೊಳ್ಳುವುದಿಲ್ಲ. ಮಗನಿಗೆ ಹೊಸ ಎಂಜಿನ್ನಿಗಿಂತ ಹಳಿಯನ್ನೂ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಒಂದೆರಡು ಪಾಯಿಂಟ್‌ಗಳನ್ನೂ ಕೊಡಿಸಿ. ಸುಮ್ಮನೆ ಸುತ್ತುವ ರೈಲು ಒಂದು ವಾರದಲ್ಲಿ ಬೇಸರವಾಗುತ್ತದೆ. ಪಕ್ಕದ ಸೈಡಿಂಗಿಗೆ, ಅಂದರೆ ಕವಲು ಹಳಿಗೆ, ಡಬ್ಬಿ ತಳ್ಳಿ ನಿಲ್ಲಿಸುವ ಕೆಲಸ ವರ್ಷಗಟ್ಟಲೆ ಬೇಸರವಾಗುವುದಿಲ್ಲ.

ಅರಸೀಕೆರೆ ಜಂಕ್ಷನ್:

ಎಲ್ಲರಿಗೂ ಧನ್ಯವಾದಗಳು. ಗೊಂಬೆ ಹಬ್ಬದ ಎಂಜಿನ್ನಿನ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ, ಈ ವಿಷಯದಲ್ಲಿ ಅವರು ನಕ್ಕದ್ದು ಇದೇ ಮೊದಲು. ಭಾನುವಾರವೇ ಹೋಗುವುದೆಂದು ಬಹುತೇಕ ತೀರ್ಮಾನವಾಯಿತು.

ಅಪ್ಪನ ಬಗ್ಗೆ ಒಂದು ಉಪಪ್ರಶ್ನೆ. ಅವರ ಸೇವೆಯ ಬಹುಭಾಗ ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಗೇ ಕಳೆದಿದೆ. ಮನೆಯಲ್ಲಿ ನಾವೆಲ್ಲ 'ಆಲ್ಕೋ' ಎಂಬ ಹೆಸರನ್ನು ಯಾವುದೋ ನೆಂಟರ ಹೆಸರಿನಂತೆ ಕೇಳುತ್ತ ಬೆಳೆದವರು. ಆ ಆಲ್ಕೋ ಕಂಪನಿ ಅಮೆರಿಕದ್ದು ತಾನೇ? ಅದರ ಎಂಜಿನ್ ಮಾದರಿ ಏನಾದರೂ ಅಲ್ಲಿ ನೋಡಲು ಸಿಗಬಹುದೇ?

ಸಕಲೇಶಪುರ ಘಾಟ್:

ಜಂಕ್ಷನ್ ಅವರೇ, ಅಮೆರಿಕದ್ದು ಎಂದು ಕೇಳುತ್ತೀರಲ್ಲ, ನಿಮ್ಮ ತಂದೆಯವರು ಆಲ್ಕೋದ ತವರುಮನೆಯ ಅಂಗಳದಲ್ಲೇ ಕುಳಿತಿದ್ದಾರೆ! ಆಲ್ಕೋದ ಕಾರ್ಖಾನೆ ಇದ್ದದ್ದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ. ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಿಂದ ನೂರು ಮೈಲಿಯ ಆಸುಪಾಸು. 1962ರಲ್ಲಿ ಭಾರತಕ್ಕೆ ಬಂದ ಮೊದಲ ಡಬ್ಲ್ಯುಡಿಎಂ-2ಗಳು ಆಲ್ಕೋ ಕಟ್ಟಿದವು. 1964ರಿಂದ ವಾರಾಣಸಿಯಲ್ಲಿ ತಯಾರಿಕೆ ಶುರುವಾಯಿತು. ಮೂಲ ಕಂಪನಿ 1969ರಲ್ಲಿ ಇಲ್ಲಿ ಎಂಜಿನ್ ಕಟ್ಟುವುದನ್ನು ನಿಲ್ಲಿಸಿದ ಮೇಲೂ ನಮ್ಮವರು ದಶಕಗಟ್ಟಲೆ ಅದೇ ವಂಶವನ್ನು ಬೆಳೆಸುತ್ತ ಹೋದರು. ನ್ಯೂ ಇಂಗ್ಲೆಂಡಿನ ಹಳೆಯ ರೈಲು ಕಂಪನಿಗಳು ಆಲ್ಕೋ ಎಂಜಿನ್‌ಗಳನ್ನು ಧಾರಾಳವಾಗಿ ಬಳಸಿದ್ದರಿಂದ ಈ ಪ್ರದರ್ಶನದಲ್ಲಿ ಅವುಗಳ ಮಾದರಿಗಳಿಗೆ ಕೊರತೆಯಿಲ್ಲ. ಆರ್‌ಎಸ್-3 ಎಂದು ಕೇಳಿ, ಪ್ರತಿ ಓಣಿಯಲ್ಲೂ ಒಂದು ಸಿಗುತ್ತದೆ. ತಂದೆಯವರಿಗೆ ಅದೇ ಸಾಕು.

ಪಾಯಿಂಟ್ಸ್‌ಮನ್:

ಘಾಟ್ ಅವರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಆರ್‌ಎಸ್-3 ಆಲ್ಕೋದ್ದೇ ಹೌದು, ಆದರೆ ಅದರೊಳಗಿರುವುದು 244 ಎಂಬ ಹಳೆಯ ಡೀಸೆಲ್ ಎಂಜಿನ್. ಡಬ್ಲ್ಯುಡಿಎಂ-2ರಲ್ಲಿರುವುದು ಅದರ ನಂತರ ಬಂದ 251, ಹದಿನಾರು ಸಿಲಿಂಡರ್, 2600 ಅಶ್ವಶಕ್ತಿ. ಈಗಿನ ಮಾದರಿಗಳೊಳಗೆ ಸದ್ದು ಹೊರಡಿಸುವ ಪುಟ್ಟ ಧ್ವನಿ ಡಿಕೋಡರ್‌ಗಳಲ್ಲಿ ಇವೆರಡರ ಸದ್ದನ್ನು ಬೇರೆಬೇರೆಯಾಗಿಯೇ ತುಂಬಿರುತ್ತಾರೆ. ನಮ್ಮ ನಿಮ್ಮ ಕಿವಿಗೆ ಎರಡೂ ಒಂದೇ ಗುಡುಗುಡು. ಮೂವತ್ತು ವರ್ಷ ಷೆಡ್ಡಿನಲ್ಲಿದ್ದವರ ಕಿವಿಗೆ ಅದು ಬೇರೆ ಮನೆಯ ಮಗುವಿನ ಅಳು.

ಅವರಿಗೆ ತೋರಿಸಬೇಕಾದದ್ದು ಆರು ಆಕ್ಸಲ್‌ಗಳ, 251 ಹೊತ್ತ ಎಂಜಿನ್‌ಗಳನ್ನು. ಆರ್‌ಎಸ್‌ಡಿ-15 ಒಂದು, ಸೆಂಚುರಿ 628 ಇನ್ನೊಂದು. ಎರಡರಲ್ಲೂ ಹದಿನಾರು ಸಿಲಿಂಡರಿನ 251 ಇದೆ, ಎರಡರ ಎಚ್‌ಒ ಮಾದರಿಗಳೂ ಬಂದಿವೆ. ಮುಖ ನಮ್ಮ ಡಬ್ಲ್ಯುಡಿಎಂ-2ರಂತೆ ಇರುವುದಿಲ್ಲ, ಆದರೆ ಬೋಗಿಯನ್ನು, ಅಂದರೆ ಎಂಜಿನ್ನಿನ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟನ್ನು, ನೋಡಲು ಹೇಳಿ. ಅದಕ್ಕಿಂತ ಹೆಚ್ಚಿಗೆ ನಾನು ಹೇಳುವುದಿಲ್ಲ, ಅವರೇ ಹೇಳಲಿ.

ಸಕಲೇಶಪುರ ಘಾಟ್:

ಒಪ್ಪಿದೆ, ತಪ್ಪು ನನ್ನದೇ. ಮೀಟರ್ ಗೇಜಿನ ವೈಡಿಎಂ-4 ಕೂಡ 251ರ ವಂಶವೇ, ಆರು ಸಿಲಿಂಡರಿನದು. ಅದನ್ನು ಮರೆತು ಬರೆದುಬಿಟ್ಟೆ.

ಪ್ರಾಯಶ್ಚಿತ್ತವಾಗಿ ಒಂದು ಉಪಯುಕ್ತ ಮಾತು ಹೇಳುತ್ತೇನೆ. ಅಲ್ಲಿ ಕ್ಲಬ್‌ಗಳವರು ತಂದು ಜೋಡಿಸುವ ದೊಡ್ಡ ಲೇಔಟ್‌ಗಳನ್ನು (ಹಳಿ, ಮರ, ಊರುಗಳ ಮಾದರಿ ಜೋಡಣೆ) ನೋಡುವಾಗ ರೈಲನ್ನು ಮಾತ್ರ ನೋಡಬೇಡಿ, ಬಗ್ಗಿ ಕೆಳಗೂ ನೋಡಿ. ಒಬ್ಬೊಬ್ಬ ಸದಸ್ಯನೂ ತನ್ನ ಮನೆಯಲ್ಲಿ ನಾಲ್ಕೈದು ಅಡಿಯ ತುಂಡೊಂದನ್ನು ಕಟ್ಟಿ ತಂದಿರುತ್ತಾನೆ. ಅಂಚಿನಲ್ಲಿ ಹಳಿ ಎಲ್ಲಿರಬೇಕು, ಎತ್ತರ ಎಷ್ಟಿರಬೇಕು, ತಂತಿಯ ಪ್ಲಗ್ಗು ಯಾವುದಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರುವುದರಿಂದ, ಎಂದೂ ಒಟ್ಟಿಗೆ ಸೇರದಿದ್ದ ಇಪ್ಪತ್ತು ತುಂಡುಗಳು ಶುಕ್ರವಾರ ಸಂಜೆ ಒಂದೇ ಮಾರ್ಗವಾಗುತ್ತವೆ. ಒಬ್ಬನ ತುಂಡಿನಲ್ಲಿ ಶರತ್ಕಾಲದ ಕೆಂಪು ಮರಗಳಿರುತ್ತವೆ, ಪಕ್ಕದವನದರಲ್ಲಿ ಹಿಮ ಬಿದ್ದಿರುತ್ತದೆ, ರೈಲು ಯಾವ ಸಂಕೋಚವೂ ಇಲ್ಲದೆ ಎರಡನ್ನೂ ದಾಟಿ ಹೋಗುತ್ತದೆ.

ನನ್ನ ಸ್ವಂತ ಹುಚ್ಚು ಎಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯ ಒಂದು ತುಣುಕನ್ನು ಹೀಗೆ ಕಟ್ಟುವುದು. 55 ಕಿಲೋಮೀಟರ್, 57 ಸುರಂಗ. ಅಷ್ಟನ್ನು ಕಟ್ಟಲು ಈ ಜನ್ಮ ಸಾಲದು, ಒಂದು ಸೇತುವೆ, ಎರಡು ಸುರಂಗದ ಬಾಯಿ ಸಾಕು. ಘಾಟಿಯ ಏರು 50ಕ್ಕೆ 1, ಅಂದರೆ ನೂರಕ್ಕೆ ಎರಡು. ನೆಲಮಾಳಿಗೆಯಲ್ಲಿ ಮಾದರಿ ಕಟ್ಟುವವರೂ ಸಾಮಾನ್ಯವಾಗಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರನ್ನು ಇಡಲು ಹಿಂಜರಿಯುತ್ತಾರೆ, ಅದರಾಚೆಗೆ ಪುಟ್ಟ ಎಂಜಿನ್ನಿನ ಗಾಲಿಯೂ ಜಾರುತ್ತದೆ. ತೊಡಕಿರುವುದು ಗೇಜಿನಲ್ಲಿ. ನಮ್ಮ ಬ್ರಾಡ್ ಗೇಜಿನ 1676 ಮಿಲಿಮೀಟರನ್ನು ಎಚ್‌ಒ ಅಳತೆಗೆ ಇಳಿಸಿದರೆ 19 ಮಿಲಿಮೀಟರ್ ಚಿಲ್ಲರೆ ಆಗುತ್ತದೆ, ಅಂಗಡಿಯಲ್ಲಿ ಸಿಗುವ ಹಳಿ 16.5. ಹೀಗಾಗಿ ಭಾರತದ ಎಂಜಿನ್ನಿನ ಎಚ್‌ಒ ಮಾದರಿ ಮಾಡುವವರು ಬಹುತೇಕ ಈ ಎರಡೂಮುಕ್ಕಾಲು ಮಿಲಿಮೀಟರನ್ನು ನುಂಗಿಕೊಂಡೇ ಮಾಡುತ್ತಾರೆ. ಮುಂದಿನಿಂದ ನೋಡಿದರೆ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಪಕ್ಕದಿಂದ ನೋಡುವುದು ಕ್ಷೇಮ.

ಎಲ್ಮ್ ಸಿಟಿ ಲೋಕಲ್:

ಕಾರಿಲ್ಲದೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ. ನ್ಯೂ ಹೇವನ್‌ನಿಂದ ಸ್ಪ್ರಿಂಗ್‌ಫೀಲ್ಡ್ ಯೂನಿಯನ್ ಸ್ಟೇಷನ್ನಿಗೆ 2018ರಿಂದ ಹಾರ್ಟ್‌ಫರ್ಡ್ ಲೈನ್ ರೈಲುಗಳು ಓಡುತ್ತಿವೆ. ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಪ್ರದರ್ಶನದ ಮೈದಾನ ಕನೆಕ್ಟಿಕಟ್ ನದಿಯ ಆಚೆ ದಡದಲ್ಲಿರುವುದರಿಂದ ನಿಲ್ದಾಣದಿಂದ ಟ್ಯಾಕ್ಸಿ ಬೇಕು. ಬಾಸ್ಟನ್ ಕಡೆಯವರು ಮಾತ್ರ ರೈಲಿನ ಆಸೆ ಬಿಡುವುದು ಒಳ್ಳೆಯದು, ಅಲ್ಲಿಂದ ಹೊರಡುವ ಲೇಕ್ ಷೋರ್ ಲಿಮಿಟೆಡ್ ಸ್ಪ್ರಿಂಗ್‌ಫೀಲ್ಡ್ ತಲುಪುವುದೇ ಮಧ್ಯಾಹ್ನವಾದ ಮೇಲೆ. ರೈಲಿನ ಪ್ರದರ್ಶನಕ್ಕೆ ರೈಲಿನಲ್ಲಿ ಹೋಗಲಾಗದ ಊರು ನಮ್ಮ ಬಾಸ್ಟನ್.

ಊಟದ ವಿಷಯವನ್ನು ಯಾರೂ ಎತ್ತಲಿಲ್ಲ. ಒಳಗೆ ಪಿಜ್ಜಾ, ಹಾಟ್ ಡಾಗ್, ಆಲೂಗಡ್ಡೆ ಹುರಿದದ್ದು ಸಿಗುತ್ತದೆ. ಹನ್ನೆರಡರಿಂದ ಎರಡರವರೆಗೆ ಸಾಲು ಉದ್ದ, ಕುರ್ಚಿ ದುರ್ಲಭ. ನಾವು ಪುಳಿಯೋಗರೆ, ಮೊಸರನ್ನದ ಡಬ್ಬಿಯನ್ನು ಕಾರಿನಲ್ಲಿಟ್ಟು ಹನ್ನೊಂದೂವರೆಗೆ ಹೊರಗೆ ಬಂದು ಉಣ್ಣುತ್ತೇವೆ. ಹಿರಿಯರಿಗೆ ಅರ್ಧ ಗಂಟೆ ಕಾಲು ಚಾಚಲೂ ಆಗುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಇರಲಿ.

ಯಲಹಂಕ ಸೈಡಿಂಗ್:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಜಂಕ್ಷನ್ ಅವರ ತಂದೆಯವರು ಊರಿಗೆ ಮರಳುವಾಗ ಏನಾದರೂ ತರುವುದಾದರೆ ಎರಡು ಸೂಚನೆ. ಅಮೆರಿಕದ ಹಲವು ಪವರ್ ಪ್ಯಾಕ್‌ಗಳು 120 ವೋಲ್ಟಿಗೆ ಮಾತ್ರ ಮಾಡಿದವು. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಹೊಗೆ ಬರುವುದು ಎಂಜಿನ್ನಿನಿಂದಲ್ಲ. ಹಿಂಬದಿಯ ಚೀಟಿಯಲ್ಲಿ 100ರಿಂದ 240 ಎಂದು ಇದ್ದರೆ ಮಾತ್ರ ತನ್ನಿ. ಎಂಜಿನ್ನನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿ ತರಬೇಕು. ಒಳಗೆ ಭಾರಕ್ಕೆಂದು ಇಟ್ಟ ಲೋಹದ ಗಟ್ಟಿ ಎಕ್ಸ್-ರೇಯಲ್ಲಿ ಕಪ್ಪಾಗಿ ಕಂಡು ಅಧಿಕಾರಿಗಳು ತೆರೆಯಿಸುವುದುಂಟು, ಆದ್ದರಿಂದ ಸುಲಭವಾಗಿ ತೆಗೆದು ತೋರಿಸುವಂತೆ ಮೂಲ ಪೆಟ್ಟಿಗೆಯಲ್ಲೇ ಇರಲಿ.

ಮೊಮ್ಮಗ ಬೇಸಿಗೆ ರಜೆಗೆ ಬಂದರೆ 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೂ, ಬೆಳಗಾವಿ ದಾಟಿ ಹೋಗುವ ಮನಸ್ಸಿದ್ದರೆ ಪುಣೆಯ ಜೋಶಿಯವರ ಮಿನಿಯೇಚರ್ ರೈಲ್ವೆ ಸಂಗ್ರಹಾಲಯಕ್ಕೂ ಕರೆದೊಯ್ಯಿರಿ.

ಅರಸೀಕೆರೆ ಜಂಕ್ಷನ್:

ಹೋಗಿ ಬಂದೆವು. ಮಾತು ಕೊಟ್ಟಂತೆ ವರದಿ ಒಪ್ಪಿಸುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಭಾನುವಾರ ಹಿಮವಿರಲಿಲ್ಲ, ಗಾಳಿ ಮಾತ್ರ ಮುಖ ಸುಲಿಯುವಂತಿತ್ತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿದ್ದೆವು. ಮೊದಲ ಒಂದು ಗಂಟೆ ಏನನ್ನೂ ಕೊಳ್ಳಬಾರದೆಂಬ ನಿಯಮವನ್ನು ಮಗ ಹದಿನೈದು ನಿಮಿಷ ಪಾಲಿಸಿದ. ನಂತರ ಲೆಗೊ ಇಟ್ಟಿಗೆಗಳಲ್ಲೇ ಕಟ್ಟಿದ ಇಡೀ ಊರು, ಅದರ ನಡುವೆ ಓಡುವ ರೈಲು ಕಂಡದ್ದೇ ತಡ, ಅಲ್ಲಿಂದ ಅವನನ್ನು ಎಬ್ಬಿಸಲು ನಲವತ್ತು ನಿಮಿಷ ಬೇಕಾಯಿತು. ಅಪ್ಪ ಮೊದಲ ಕಟ್ಟಡವಿಡೀ ಕೈಕಟ್ಟಿಕೊಂಡು ನಡೆದರು. ಒಂದು ಕಡೆ ಮಾತ್ರ ನಿಂತು, ಅರವತ್ತು ಡಬ್ಬಿಯ ಗೂಡ್ಸ್ ಗಾಡಿಯೊಂದನ್ನು ಬೆರಳು ಮಡಚಿ ಎಣಿಸಿ, "ಬ್ರೇಕ್ ವ್ಯಾನ್ ಎಲ್ಲಿ?" ಎಂದು ಗಾಡಿಯ ಕೊನೆಯಲ್ಲಿರುವ ಗಾರ್ಡಿನ ಡಬ್ಬಿಯನ್ನು ಕೇಳಿದರು. ಇಲ್ಲಿನ ಗಾಡಿಗಳಲ್ಲಿ ಈಗ ಅದರ ಬದಲು ಕೊನೆಯ ಡಬ್ಬಿಗೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸುತ್ತಾರೆಂದು ಅಲ್ಲಿದ್ದವರು ವಿವರಿಸಿದಾಗ ಅವರಿಗೆ ಅಷ್ಟೇನೂ ಸಮಾಧಾನವಾದಂತೆ ಕಾಣಲಿಲ್ಲ.

ಹನ್ನೊಂದೂವರೆಯ ಮೊಸರನ್ನದ ನಂತರ ಇನ್ನೊಂದು ಕಟ್ಟಡದಲ್ಲಿ ಒಬ್ಬ ವ್ಯಾಪಾರಿಯ ಬಳಿ ಸೆಂಚುರಿ 628 ಇತ್ತು. ಮೇಜಿನ ಮೇಲೆ ಮೂರಡಿ ಪರೀಕ್ಷಾ ಹಳಿ. ನಾನು ಅಪ್ಪನಿಗೆ ಏನನ್ನೂ ಹೇಳಲಿಲ್ಲ, ಪಾಯಿಂಟ್ಸ್‌ಮನ್ ಅವರ ಮಾತಿನಂತೆ ಬೋಗಿ ನೋಡಿ ಎಂದಷ್ಟೇ ಹೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಸ್ಟೂಲಿನ ಮೇಲೆ ಕುಳಿತು, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದರು. ಆಮೇಲೆ ತೋರುಬೆರಳು ಮತ್ತು ಹೆಬ್ಬೆರಳನ್ನು ಅಗಲಿಸಿ ಮೊದಲ ಎರಡು ಆಕ್ಸಲ್‌ಗಳ ನಡುವಿನ ಅಂತರವನ್ನು ಗಾಳಿಯಲ್ಲೇ ಅಳೆದು, ಅದೇ ಬೆರಳುಗಳನ್ನು ಕದಲಿಸದೆ ಮುಂದಿನ ಎರಡರ ಮೇಲೆ ಹಿಡಿದರು. ಅಂತರ ಒಂದೇ ಇರಲಿಲ್ಲ. "ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಟ್ರೈಮೌಂಟ್ ಕಣೋ ಇದು, ನಮ್ಮದೇ ಬೋಗಿ. ಮೂರು ಮೋಟಾರು ಕೂರಿಸಬೇಕಲ್ಲ, ಅದಕ್ಕೇ ಸಮ ಇಲ್ಲ" ಎಂದರು. ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು, ಪಕ್ಕದ ಮೇಜಿನವರು ತಿರುಗಿ ನೋಡಿದರು.

ವ್ಯಾಪಾರಿ ಕಂಟ್ರೋಲರಿನಲ್ಲಿ ಆ ಎಂಜಿನ್ನಿನ ವಿಳಾಸ ಸಂಖ್ಯೆ 3 ಒತ್ತಿ, ಎಂಟನೆಯ ಗುಂಡಿಯಿಂದ ಎಂಜಿನ್ ಶುರು ಮಾಡಿದರು. ಮೊದಲು ಒಂದು ಕೆಮ್ಮು, ಆಮೇಲೆ ಆ ಕುಂಟುವ, ಒಂದೊಂದು ಬಡಿತಕ್ಕೂ ಯೋಚಿಸುವಂತಹ ಐಡ್ಲಿಂಗ್. ಅಪ್ಪ ತಲೆಯನ್ನು ಒಂದು ಕಡೆ ವಾಲಿಸಿ ಕೇಳುತ್ತ ಕುಳಿತರು. ಮೂರು ನಾಲ್ಕು ನಿಮಿಷವಾಗಿರಬೇಕು. ಹಿಂದೆ ಜನ ಸೇರಿದ್ದರು, ನಾನು ಏಳೋಣ ಎಂದೆ. ನಾಚ್ (ಶಕ್ತಿಯ ಹಂತ) ಏರಿಸಿದರೆ ಟರ್ಬೊ ಏಳುವುದು ತಡವಾಗುತ್ತದೆಯೋ ಇಲ್ಲವೋ ಎಂದು ವ್ಯಾಪಾರಿಯನ್ನು ಕೇಳು ಎಂದರು. ನಾನು ಕೇಳಿದೆ. ಆತನೂ ಹಿಂದೆ ರೈಲಿನಲ್ಲಿ ಕೆಲಸ ಮಾಡಿದವರಂತೆ. ಅಲ್ಲಿಂದ ಮುಂದೆ ನನ್ನ ಅನುವಾದದ ಅಗತ್ಯ ಅವರಿಬ್ಬರಿಗೆ ಹೆಚ್ಚೇನೂ ಬೀಳಲಿಲ್ಲ. ಟರ್ಬೊ, ಗವರ್ನರ್, ಇಂಜೆಕ್ಟರ್, ಲೂಬ್ ಆಯಿಲ್ ಎಂಬ ಪದಗಳೂ ಕೈಯ ಸನ್ನೆಗಳೂ ಸಾಕಾದವು. ಆಲ್ಕೋ ಉಗುಳುವ ಕರಿಹೊಗೆಯನ್ನು ಇಬ್ಬರೂ ಒಂದೇ ರೀತಿ ಕೈ ಮೇಲೆತ್ತಿ ಬೆರಳು ಬಿಡಿಸಿ ತೋರಿಸಿದರು. ಹಾರ್ನ್ ಮಾತ್ರ ಅಪ್ಪನಿಗೆ ಹಿಡಿಸಲಿಲ್ಲ.

ಕೊಂಡೆವು. ನನ್ನ ಲೆಕ್ಕ ಇನ್ನೂರು ಡಾಲರಿನೊಳಗೆ ಮುಗಿಸಬೇಕೆಂದಿತ್ತು, ಮುಗಿಯಲಿಲ್ಲ. ಆ ಅಂಕಿಯನ್ನು ಇಲ್ಲಿ ಬರೆಯದಿರುವುದು ಮನೆಯ ಶಾಂತಿಗೆ ಹಿತ. ಮನೆಗೆ ಬರುವಾಗ ದಾರಿಯುದ್ದಕ್ಕೂ ಪೆಟ್ಟಿಗೆ ಅಪ್ಪನ ತೊಡೆಯ ಮೇಲಿತ್ತು. ಈಗ ತಾತ ಮೊಮ್ಮಗನಿಗೆ ಷಂಟಿಂಗ್ ಕಲಿಸುತ್ತಿದ್ದಾರೆ. ಕೈದೀಪದ ಸನ್ನೆ ಇಲ್ಲದೆ ಗಾಡಿ ಕದಲಿಸುವಂತಿಲ್ಲ ಎಂಬ ನಿಯಮ ಜಾರಿಗೆ ಬಂದಿದ್ದು, ಊಟದ ಮೇಜು ರಾತ್ರಿ ಎಂಟರ ನಂತರವೇ ಊಟಕ್ಕೆ ಸಿಗುತ್ತಿದೆ.

ಇಷ್ಟೆಲ್ಲ ಎಚ್ಚರಿಕೆ ವಹಿಸಿಯೂ ಒಂದು ತಪ್ಪು ಮಾಡಿದೆ. ಲೋಂಡಾ ಅವರ ಸಲಹೆಯಂತೆ ಸೈಡಿಂಗಿಗೆಂದು ಎರಡು ಪಾಯಿಂಟ್ ಕೊಂಡೆ. ಹಳಿಯ ಎತ್ತರ ಕೋಡ್ 83, ಕವಲಿನ ಕೋನ ಆರನೇ ನಂಬರು, ಎಲ್ಲ ಸರಿಯಾಗಿಯೇ ಕೇಳಿದೆ. ಮನೆಗೆ ಬಂದು ನೋಡಿದರೆ ಎರಡೂ ಬಲಕ್ಕೆ ತಿರುಗುವವು. ನಮ್ಮ ಮೇಜಿನ ಮೇಲೆ ಸೈಡಿಂಗ್ ಕೂರಬೇಕಾದರೆ ಒಂದು ಎಡದ್ದೇ ಆಗಬೇಕು. ಯಾರ ಬಳಿಯಾದರೂ ಅದೇ ಅಳತೆಯ ಎಡ ಪಾಯಿಂಟ್ ಹೆಚ್ಚಿಗೆ ಇದ್ದರೆ ತಿಳಿಸಿ, ಬದಲಿಗೆ ಬಲದ್ದನ್ನು ಕೊಡುತ್ತೇನೆ.

ಗುಬ್ಬಿ ಗೇಟ್:

ಎಡಕ್ಕೆ ತಿರುಗುವ ಆರನೇ ನಂಬರಿನ ಕೋಡ್ 83 ನನ್ನ ಬಳಿ ಒಂದಿದೆ, ಎರಡು ವರ್ಷದಿಂದ ಪೆಟ್ಟಿಗೆಯಲ್ಲೇ ಇದೆ. ಸಂಕ್ರಾಂತಿ ಕಾರ್ಯಕ್ರಮ ಈ ಸಲ ಮುಂದಿನ ಶನಿವಾರಕ್ಕೆ ಹೋಗಿದೆಯಲ್ಲ, ಅಲ್ಲಿಗೆ ತರುತ್ತೇನೆ. ನಿಮ್ಮ ತಂದೆಯವರನ್ನೂ ಕರೆತನ್ನಿ.